ರೋಗ ಹೋತು, ಮೈ ಬರವಲ್ದು

ಚಿಂಚಲಿ ಸ್ಟೇಷನ್ನಿನಲ್ಲಿ ಮಿರಜ ಕಡೆಯ ರೈಲು ಹತ್ತುವವರಲ್ಲಿ ಒಬ್ಬಿಬ್ಬರ ಕೈಯಲ್ಲಾದರೂ ಸ್ಕ್ಯಾನಿಂಗಿನ ದೊಡ್ಡ ಲಕೋಟೆ ಇರುತ್ತದೆ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ಮೇಲೆ ರಾಯಬಾಗ, ಅಥಣಿ, ಕಾಗವಾಡದ ಜನ ದೊಡ್ಡ ಜಡ್ಡು ಬಂದರೆ ಮೊದಲು ಮುಖ ಮಾಡುವುದು ಅತ್ತಲೇ. ಇಲ್ಲವೆಂದರೆ ಬೆಳಗಾವಿ, ಕೊಲ್ಹಾಪುರ, ಅಥವಾ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ. ಪಕ್ಕದ ನಿಪ್ಪಾಣಿ ತಂಬಾಕಿನ ಪೇಟೆ. ಗಂಡಸರ ಕಿಸೆಯಲ್ಲಿ ಗುಟ್ಕಾ, ತಂಬಾಕು-ಸುಣ್ಣ. ಕೆಲವು ಮನೆಗಳಲ್ಲಿ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು ಎಂದರೆ ಈ ಭಾಗದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಆಪರೇಷನ್ ಆಗುತ್ತದೆ, ಆರು-ಏಳು ವಾರ ‘ಕರೆಂಟ್’, ಅಂದರೆ ರೇಡಿಯೇಷನ್, ಕೊಡುತ್ತಾರೆ, ಕೆಲವರಿಗೆ ಕೀಮೋ. ಅರವತ್ತು ಕಿಲೋದ ಮನುಷ್ಯ ನಲವತ್ತೆಂಟಕ್ಕೆ ಇಳಿದು ಮನೆಗೆ ಬರುತ್ತಾನೆ. ಡಾಕ್ಟರು ‘ಚಲೋ ಊಟ ಮಾಡ್ರಿ’ ಎಂದಿರುತ್ತಾರೆ, ಅಷ್ಟೇ. ಉಳಿದದ್ದನ್ನೆಲ್ಲ ನೋಡಲು ಬಂದ ಬೀಗರು, ಮಗ್ಗಲ ಮನೆಯವರು, ಮೊಬೈಲಿನ ವಿಡಿಯೊಗಳು ಹೇಳುತ್ತವೆ. ಈ ಸಲಹೆಗಳಲ್ಲಿ ಹೆಚ್ಚಿನವು ‘ಅದು ಬಿಡ್ರಿ, ಇದು ಬಿಡ್ರಿ’ ಎನ್ನುವವು. ಮೈಯೇ ಕರಗಿಹೋದವನ ತಟ್ಟೆಯಿಂದ ಇನ್ನಷ್ಟು ತೆಗೆಯುವ ಈ ಪಥ್ಯದ ಚಟ ನಮ್ಮಲ್ಲಿ ರೋಗದಷ್ಟೇ ಗಟ್ಟಿಯಾಗಿ ಕೂತಿದೆ. ಅವನ ತಟ್ಟೆಗೆ ಏನು ಸೇರಿಸಬೇಕು, ಅವನ ಕೈಕಾಲಿಗೆ ಏನು ಕೆಲಸ ಕೊಡಬೇಕು ಎಂದು ಕೇಳುವವರು ಕಡಿಮೆ.

“ತೂಕ ಬಂತಂದ್ರ ಶಕ್ತಿ ಬಂತು”

ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ. ಮಾಂಸಖಂಡ, ಕೊಬ್ಬು, ನೀರು ಮೂರನ್ನೂ ಅದು ಒಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಎದೆಯ ಕ್ಯಾನ್ಸರ್ ಆದ ಎಷ್ಟೋ ಹೆಣ್ಣುಮಕ್ಕಳು ಚಿಕಿತ್ಸೆ ಮುಗಿಯುವ ಹೊತ್ತಿಗೆ ಮೊದಲಿಗಿಂತ ದಪ್ಪಗಾಗಿರುತ್ತಾರೆ. ಕೀಮೋ ಜೊತೆಗೆ ಕೊಡುವ ಸ್ಟೀರಾಯ್ಡ್, ಬೇಗ ನಿಂತ ಮುಟ್ಟು, ಕಡಿಮೆಯಾದ ಓಡಾಟ, ಎಲ್ಲ ಸೇರಿ ಹೊಟ್ಟೆ-ಸೊಂಟಕ್ಕೆ ಕೊಬ್ಬು ಬಂದಿರುತ್ತದೆ. ತೊಡೆ, ರಟ್ಟೆ ಬಡವಾಗಿರುತ್ತವೆ. ‘ಮೈ ತುಂಬಿಕೊಂಡಾಳ’ ಎಂದು ಮನೆಯವರು ಸಮಾಧಾನ ಪಡುತ್ತಾರೆ. ಆಕೆಗೆ ಅಟ್ಟದ ಮೆಟ್ಟಿಲು ಹತ್ತಲು ಆಗುತ್ತಿರುವುದಿಲ್ಲ.

ನಾಲ್ಕೈದು ದಿನದಲ್ಲಿ ಎರಡು ಕಿಲೋ ಏರಿದರೆ ಖುಷಿಪಡುವ ಮೊದಲು ಕಣಕಾಲನ್ನು ಬೆರಳಿಂದ ಒತ್ತಿ ನೋಡಬೇಕು. ಗುಳಿ ಬಿದ್ದು ಹಾಗೇ ಉಳಿದರೆ ಅದು ನೀರು, ಡಾಕ್ಟರಿಗೆ ತೋರಿಸಬೇಕು.

ಕ್ಯಾನ್ಸರಿನಲ್ಲಿ ಮೈ ಕರಗುವುದಕ್ಕೂ ಬರಗಾಲದ ಹಸಿವಿನಲ್ಲಿ ಕರಗುವುದಕ್ಕೂ ವ್ಯತ್ಯಾಸ ಇದೆ. ಬರೀ ಹಸಿವಾದರೆ ದೇಹ ಮೊದಲು ಕೊಬ್ಬನ್ನು ಖರ್ಚು ಮಾಡಿ ಮಾಂಸಖಂಡವನ್ನು ಆದಷ್ಟು ಕಾಯ್ದುಕೊಳ್ಳುತ್ತದೆ. ಕ್ಯಾನ್ಸರಿನಲ್ಲಿ ಗಡ್ಡೆಯೂ ಅದಕ್ಕೆ ದೇಹ ತೋರುವ ಪ್ರತಿಕ್ರಿಯೆಯೂ ಒಳಗೆ ಉರಿಯೂತ ಹಚ್ಚಿಡುತ್ತವೆ. ಹೊಸ ಕಾಳು ಬರುತ್ತಿದ್ದರೂ ಹಗೇವಿನ ಬಾಯಿ ತೆಗೆದು ಒಳಗಿನದನ್ನು ಸುರಿದಂತೆ ಮಾಂಸಖಂಡ ಕರಗುತ್ತದೆ. ವೈದ್ಯರು ಇದನ್ನು ಕ್ಯಾಕೆಕ್ಸಿಯಾ ಎನ್ನುತ್ತಾರೆ. ಆರು ತಿಂಗಳಲ್ಲಿ ತೂಕದ 5%ಕ್ಕಿಂತ ಹೆಚ್ಚು, ಮೊದಲೇ ಬಡಕಲಾಗಿದ್ದವರಲ್ಲಿ 2%ಕ್ಕಿಂತ ಹೆಚ್ಚು ಇಳಿದರೆ ಅದನ್ನು ಅನುಮಾನಿಸಬೇಕು ಎಂದು 2011ರಲ್ಲಿ ತಜ್ಞರ ಅಂತಾರಾಷ್ಟ್ರೀಯ ಗುಂಪೊಂದು ಅಳತೆ ಕೊಟ್ಟಿತು. ಅಂದರೆ ಅರವತ್ತು ಕಿಲೋದವನಿಗೆ ಮೂರು ಕಿಲೋ ಇಳಿದಾಗಲೇ ಎಚ್ಚರವಾಗಬೇಕು. ನಾವು ಹನ್ನೆರಡರ ತನಕ ಕಾಯುತ್ತೇವೆ. ಚಿಕಿತ್ಸೆ ಫಲಿಸಿ ಗಡ್ಡೆ ಹೋದವರಲ್ಲಿ ಉರಿಯೂತವೂ ಇಳಿಯುತ್ತದೆ. ಆಮೇಲೆ ತಿಂದದ್ದು ಮೈಗೆ ಹತ್ತುವ ಕಾಲ ಬರುತ್ತದೆ, ಆದರೆ ಅದು ವಾರಗಳಲ್ಲ, ತಿಂಗಳುಗಳ ಮಾತು. ವಾರಕ್ಕೆ ಕಾಲು ಕಿಲೋ ಬಂದರೂ ಒಳ್ಳೆಯ ಫಸಲೇ.

ಶಕ್ತಿ ಅಳೆಯಲು ಮನೆಯಲ್ಲೇ ಒಂದು ದಾರಿ ಇದೆ. ಕೈಯಿಲ್ಲದ ಖುರ್ಚಿಯನ್ನು ಗೋಡೆಗೆ ಒತ್ತಿಸಿಟ್ಟು, ಕೈ ಎದೆಗೆ ಕಟ್ಟಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ತಿಂಗಳಿಗೊಮ್ಮೆ ಬರೆದಿಡಿ. ಈ ಅಂಕಿ ತಕ್ಕಡಿಯ ಅಂಕಿಗಿಂತ ಹೆಚ್ಚು ಹೇಳುತ್ತದೆ.

“ಸಲೈನ್ ಒಂದ ಬಾಟ್ಲಿ ಏರಿಸಿದ್ರ ಸುದ್ದ ಆಕ್ಕಾರ”

ಅರ್ಧ ಲೀಟರಿನ 5% ಗ್ಲುಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು 85 ಕ್ಯಾಲರಿ. ಅರ್ಧ ಜೋಳದ ರೊಟ್ಟಿಯಷ್ಟು. ಬರೀ ನಾರ್ಮಲ್ ಸಲೈನಾದರೆ ಅದೂ ಇಲ್ಲ, ಉಪ್ಪು-ನೀರು ಮಾತ್ರ. ಎರಡರಲ್ಲೂ ಪ್ರೋಟೀನ್ ಸೊನ್ನೆ. ವಾಂತಿ-ಭೇದಿಯಾಗಿ ನೀರು ಕಡಿಮೆಯಾದವನಿಗೆ ಅದು ಜೀವ ಉಳಿಸುವ ಔಷಧ. ‘ಅಶಕ್ತಿ’ಗೆಂದು ಏರಿಸಿಕೊಂಡರೆ ರೊಕ್ಕ ಮಾತ್ರ ಇಳಿಯುತ್ತದೆ. ಆ ದುಡ್ಡಿಗೆ ಒಂದು ಟ್ರೇ ತತ್ತಿ ಬರುತ್ತವೆ.

“ಸಕ್ಕರಿ ತಿಂದ್ರ ಗಂಟ ಬೆಳಿತೈತಿ”

ಸುತ್ತ ಕಬ್ಬಿನ ಹೊಲ, ಅತ್ತ ಉಗಾರದ ಸಕ್ಕರೆ ಕಾರ್ಖಾನೆ, ನಡುವೆ ಒಂದು ಚಮಚ ಬೆಲ್ಲಕ್ಕೆ ಹೆದರುವ ರೋಗಿ. ಕ್ಯಾನ್ಸರ್ ಕೋಶಗಳು ಗ್ಲುಕೋಸನ್ನು ವಿಪರೀತ ಬಳಸುತ್ತವೆ ಎಂಬುದನ್ನು ಜರ್ಮನಿಯ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ಕಂಡಿದ್ದ. ಅದು ನಿಜ. ಅಲ್ಲಿಂದ ‘ಸಿಹಿ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತದೆ’ ಎಂಬಲ್ಲಿಗೆ ಹಾರಿದ್ದು ನಮ್ಮ ಕಲ್ಪನೆ. ಮಿದುಳಿಗೂ ರಕ್ತಕಣಕ್ಕೂ ಗ್ಲುಕೋಸ್ ಬೇಕೇ ಬೇಕು. ನೀವು ಕೊಡದಿದ್ದರೆ ಲಿವರ್ ಅದನ್ನು ತಾನೇ ತಯಾರಿಸುತ್ತದೆ, ಅದಕ್ಕೆ ಕಚ್ಚಾ ಮಾಲು ನಿಮ್ಮದೇ ಮಾಂಸಖಂಡ. ಉಪವಾಸ ಬೀಳುವುದು ಗಡ್ಡೆಯಲ್ಲ, ತೊಡೆ.

ಹಾಗೆಂದು ದಿನಕ್ಕೆ ನಾಲ್ಕು ಪೇಢೆ ತಿನ್ನಿ ಎಂದಲ್ಲ. ಸಕ್ಕರೆ ಕಾಯಿಲೆ ಇದ್ದವರು, ಸ್ಟೀರಾಯ್ಡ್‌ನಿಂದ ಶುಗರ್ ಏರಿದವರು ಲೆಕ್ಕ ಇಡಲೇಬೇಕು. ರಕ್ತದ ಸಕ್ಕರೆ ಹತೋಟಿ ತಪ್ಪಿದರೆ ಅದರಿಂದಲೂ ತೂಕ ಇಳಿಯುತ್ತದೆ. ಉಳಿದವರ ಗಂಜಿಗೆ ಬೆಲ್ಲ ಬೀಳಲಿ, ಮಾದಲಿಗೆ ತುಪ್ಪ ಬೀಳಲಿ. ಮಾದಲಿ ಎಂದೆ: ಗೋಧಿ, ಕಡಲೆ, ಬೆಲ್ಲ, ಗಸಗಸೆ ಸೇರಿದ ಆ ಪುಡಿಗೆ ಬಿಸಿ ಹಾಲು ಹಾಕಿ ನೆನೆಸಿಕೊಟ್ಟರೆ ಮೆತ್ತಗೆ ಇಳಿಯುತ್ತದೆ, ಸಣ್ಣ ಬಟ್ಟಲಲ್ಲೇ ಕ್ಯಾಲರಿ ತುಂಬಿರುತ್ತದೆ. ಮದುವೆ-ಹಬ್ಬದ ತಿನಿಸೆಂದು ಅದನ್ನು ಡಬ್ಬಿಯಲ್ಲೇ ಇಟ್ಟು ರೋಗಿಗೆ ಬಿಸ್ಕೀಟು ಕೊಡುವುದು ನನಗಂತೂ ಅರ್ಥವಾಗದ ಸಂಗತಿ.

“ಕಟ್ಟಿನ ಸಾರು, ಕಾಲಿನ ಸೂಪ್‌ನ್ಯಾಗ ಸತ್ವ ಎಲ್ಲಾ ಇಳಿದಿರತೈತಿ”

ಹೋಳಿಗೆ ಮಾಡಿದ ದಿನ ಅಡುಗೆಮನೆಯಲ್ಲಿ ನಿಂತು ನೋಡಿ. ಕಡಲೆಬೇಳೆ ಕುದಿಸಿ, ಬಸಿದು, ಬೇಳೆಯನ್ನು ಹೂರಣಕ್ಕೆ ರುಬ್ಬುತ್ತಾರೆ. ಬಸಿದ ಕಟ್ಟಿಗೆ ಒಗ್ಗರಣೆ ಹಾಕಿ ಸಾರು. ಹೋಳಿಗೆ ಬೀಗರಿಗೆ, ಸಾರು ಹಗುರ ಎಂದು ರೋಗಿಗೆ. ಪ್ರೋಟೀನ್ ಎಲ್ಲಿ ಹೋಯಿತು? ಬೇಳೆಯ ಸಂಗಡ ಬೀಗರ ಹೊಟ್ಟೆಗೆ. ದಿನನಿತ್ಯದ ತೊಗರಿ ಸಾರಿನದೂ ಇದೇ ಕಥೆ, ಮೇಲಿನ ತಿಳಿ ಅವನಿಗೆ, ತಳದ ಗಟ್ಟಿ ಉಳಿದವರಿಗೆ. ಆಡಿನ ಕಾಲನ್ನು ಎರಡು ತಾಸು ಕುದಿಸಿದ ಸೂಪಿನಲ್ಲೂ ಬರುವುದು ಹೆಚ್ಚಾಗಿ ಅಂಟು. ಮಾಂಸ ಕಟ್ಟುವ ಎಲ್ಲ ಸಾಮಗ್ರಿ ಅದರಲ್ಲಿಲ್ಲ. ಬಾಯಿಗೆ ರುಚಿ, ಗಂಟಲಿಗೆ ಹಿತ, ನೀರಿನಂಶಕ್ಕೆ ಚಲೋ. ಸತ್ವ ಬೇಕಾದರೆ ತುಂಡನ್ನೇ ತಿನ್ನಬೇಕು, ಅಗಿಯಲು ಆಗದಿದ್ದರೆ ಮಿಕ್ಸಿಗೆ ಹಾಕಿ ಸಾರಿನಲ್ಲೇ ಕಲಸಬೇಕು.

ಎಷ್ಟು ಬೇಕು? ಯುರೋಪಿನ ಪೋಷಣಾ ತಜ್ಞರ ಸಂಘದ ಮಾರ್ಗಸೂಚಿ ಕ್ಯಾನ್ಸರ್ ರೋಗಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 25ರಿಂದ 30 ಕ್ಯಾಲರಿ, ಒಂದು ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂ ತನಕ ಪ್ರೋಟೀನ್ ಹೇಳುತ್ತದೆ. ನಲವತ್ತೆಂಟು ಕಿಲೋದವನಿಗೆ ಸುಮಾರು 1,200ರಿಂದ 1,450 ಕ್ಯಾಲರಿ, 50ರಿಂದ 70 ಗ್ರಾಂ ಪ್ರೋಟೀನ್. ಕಳೆದ ಮೈ ಮರಳಬೇಕಾದರೆ ಮೇಲಿನ ಅಂಕಿಯ ಹತ್ತಿರ, ಅದನ್ನೂ ದಾಟಿ ಹೋಗಬೇಕಾಗುತ್ತದೆ. ಕೇಳಲು ದೊಡ್ಡದು, ನಮ್ಮ ಮನೆಯ ಸಾಮಾನಿನಲ್ಲೇ ಕೂಡುತ್ತದೆ. ಎಮ್ಮೆ ಹಾಲು ಹೊತ್ತಿಗೆ ಒಂದು ಲೋಟದಂತೆ ಎರಡು ಹೊತ್ತು: 14 ಗ್ರಾಂ. ತತ್ತಿ ಎರಡು: 12. ಗಟ್ಟಿ ಬೇಳೆಯೋ ಹೆಸರುಕಾಳೋ, ಒಣಗಿದ್ದಾಗ ಒಂದು ಮುಷ್ಟಿ, 40 ಗ್ರಾಂ: 9. ಶೇಂಗಾ 30 ಗ್ರಾಂ, ಹಿಂಡಿಯಾಗಿಯೋ ಹುರಿದ ಪುಡಿಯಾಗಿಯೋ: 7. ಎರಡು ಜೋಳದ ರೊಟ್ಟಿ, ಹಾಲಲ್ಲೋ ಮಜ್ಜಿಗೆಯಲ್ಲೋ ಮುರಿದು ನೆನೆಸಿದ್ದು: 10. ಒಂದು ಬಟ್ಟಲು ಮೊಸರು: 6. ಅಲ್ಲಿಗೆ 58. ಕೋಳಿ ಬೇಯಿಸಿದ ದಿನ ಇನ್ನೂ ಮೇಲೆ. ತತ್ತಿ ಮುಟ್ಟದ ಲಿಂಗಾಯತ, ಜೈನ ಮನೆಗಳಲ್ಲಿ ಸೋಯಾ ಹಿಟ್ಟನ್ನು ರೊಟ್ಟಿ ಹಿಟ್ಟಿಗೆ ಬೆರೆಸಬಹುದು, ಹಾಲು-ಮೊಸರು ಒಂದು ಪಾಲು ಹೆಚ್ಚಿಸಬಹುದು.

ಹಾಲು, ತತ್ತಿ, ಶೇಂಗಾ ಮೂರೂ ‘ನಂಜು’, ಹೊಲಿಗೆ ಹಾಕಿದ ಗಾಯ ಕೀವಾಗುತ್ತದೆ ಎನ್ನುವವರಿದ್ದಾರೆ. ವಾಸ್ತವ ಪೂರ್ತಿ ತಿರುಗುಮುರುಗು. ಪ್ರೋಟೀನ್ ಸಾಲದಿದ್ದರೆ ಗಾಯ ಬೇಗ ಮಾಯುವುದಿಲ್ಲ. ನೋಡಬೇಕಾದ್ದು ಬೇರೆ: ಕೀಮೋ ನಡೆದಿರುವಾಗ ಬಿಳಿ ರಕ್ತಕಣ ಇಳಿದಿರುತ್ತವೆ, ಆಗ ಹಸಿ ಹಾಲು, ಅರೆಬೆಂದ ತತ್ತಿ, ಗಾಡಿಯ ಪಾನಿಪುರಿ, ಹಿಂದಿನ ದಿನದ ಸಾರು ಬೇಡ. ಕುದಿಸಿದ್ದು, ಬಿಸಿಬಿಸಿಯಾಗಿ ಮಾಡಿ ಆರಿಸಿದ್ದು ಎಲ್ಲ ಆದೀತು.

ಮೂರು ಹೊತ್ತಿನ ಊಟದಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಎರಡು-ಎರಡೂವರೆ ತಾಸಿಗೊಮ್ಮೆ ಸಣ್ಣ ಬಟ್ಟಲು. ಹಸಿವಾಗಲಿ ಎಂದು ಕಾದರೆ ಸಂಜೆಯಾಗುತ್ತದೆ. ಗುಳಿಗೆಗೆ ಹಸಿವು ನೋಡುತ್ತೇವೆಯೇ, ಗಡಿಯಾರ ನೋಡುತ್ತೇವೆ. ನಾನು ಕಂಡ ಒಂದು ಮನೆಯಲ್ಲಿ ಸೊಸೆ ಗೋಡೆಗೆ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಹೊತ್ತು ಬರೆದು ಅಂಟಿಸಿದ್ದಳು. ಮಾವ ಮುಖ ತಿರುಗಿಸಿದಾಗ ಜೋರು ಮಾಡುತ್ತಿರಲಿಲ್ಲ. “ಮಾವಾರ, ಬಟ್ಟಲ ಇಲ್ಲೇ ಇಟ್ಟೀನ್ರಿ, ಹತ್ತ ನಿಮಿಷಕ್ಕ ಒಂದೊಂದ ಗುಟಕ ಕುಡೀರಿ” ಎಂದು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ‘ತಿನ್ರಿ, ತಿನ್ರಿ’ ಎಂದು ನಾಲ್ಕು ಜನ ಸುತ್ತ ಕೂತು ಒತ್ತಾಯಿಸಿದರೆ ಇದ್ದ ಹಸಿವೂ ಓಡಿಹೋಗುತ್ತದೆ.

ಒಂದು ಎಚ್ಚರಿಕೆ. ವಾರಗಟ್ಟಲೆ ಏನೂ ತಿನ್ನದೆ ಒಣಗಿದವರಿಗೆ ಒಮ್ಮೆಲೇ ಪೂರ್ತಿ ಊಟ ತುರುಕಬಾರದು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಶಿಯಂ ದಿಢೀರ್ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಅಂಥವರದು ಡಾಕ್ಟರ ಕಣ್ಣಳತೆಯಲ್ಲೇ ಹಂತಹಂತವಾಗಿ ಶುರುವಾಗಬೇಕು.

“ಬಾಯೇ ತೆರೀವಲ್ದು, ಇನ್ನ ತಿನ್ನೋದ ಏನ”

ಇದು ಹಣೆಬರಹವಲ್ಲ, ಕೆಲಸ ಮಾಡಿ ಸರಿಪಡಿಸಬಹುದಾದ ತೊಂದರೆ. ಕರೆಂಟ್ ಬಿದ್ದ ದವಡೆಯ ಸ್ನಾಯು ಬಿಗಿಯುತ್ತಾ ಹೋಗುತ್ತದೆ, ತಡ ಮಾಡಿದಷ್ಟೂ ಗಟ್ಟಿ. ಕುಲ್ಫಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ತುಸು ಹೊತ್ತು ಹಿಡಿಯುವುದು, ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಹೆಚ್ಚಿಸುವುದು: ಆಸ್ಪತ್ರೆಗಳಲ್ಲಿ ಕಲಿಸುವ ಕ್ರಮ ಇದೇ. ದಿನಕ್ಕೆ ನಾಲ್ಕೈದು ಸಲ, ತಿಂಗಳುಗಟ್ಟಲೆ. ನುಂಗುವ ವ್ಯಾಯಾಮಗಳೂ ಇವೆ, ಅವನ್ನು ಕಲಿತವರಿಂದಲೇ ಕಲಿಯಬೇಕು. ನುಂಗುವಾಗ ಕೆಮ್ಮು ಬಂದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂದು ತಿಳಿದು ತೋರಿಸಬೇಕು.

ಮೂಗಿನ ನಳಿಗೆ ಹೆದರಿ ‘ಅದೊಂದ ಬ್ಯಾಡ್ರಿ’ ಎನ್ನುವವರೇ ಹೆಚ್ಚು. ನಳಿ ಹಾಕಿದರೆಂದರೆ ಕೊನೆಗಾಲ ಬಂತು ಎಂದು ಅರ್ಥವಲ್ಲ. ಬಾಯಿ ಹುಣ್ಣಾದ ನಾಲ್ಕಾರು ವಾರ ಮೈ ಕರಗದಂತೆ ಹಿಡಿದಿಡುವ ದಾರಿ ಅದು. ಅದರೊಳಗೂ ಬರೀ ಎಳನೀರು, ಮೂಸಂಬಿ ರಸ ಹಾಕಿದರೆ ಮೈ ಬಾರದು. ಹಾಲು, ಸೋಸಿದ ಗಂಜಿ, ಬೇಳೆ, ಎಣ್ಣೆ ಹೋಗಬೇಕು.

ನಾಲಿಗೆಯ ರುಚಿ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಮರಳುತ್ತದೆ. ಜೊಲ್ಲು ಪೂರ್ತಿ ಬಾರದೆ ಇರಬಹುದು. ತುತ್ತಿಗೊಂದು ಗುಟುಕು ಮಜ್ಜಿಗೆ ಹಚ್ಚಿಕೊಂಡರೆ ರೊಟ್ಟಿ ಇಳಿಯುತ್ತದೆ. ಕರೆಂಟ್ ಬಿದ್ದ ದವಡೆಯ ಹಲ್ಲನ್ನು ಮಾತ್ರ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಯಾರ ಕೈಯಲ್ಲೂ ಕೀಳಿಸಬೇಡಿ, ಎಷ್ಟೋ ವರ್ಷ ಕಳೆದಿದ್ದರೂ. ಎಲುಬು ಸತ್ತು ಗಾಯ ಮಾಯದೇ ಉಳಿಯಬಹುದು.

“ಮಲ್ಕೊಂಡ ಆರಾಮ ಮಾಡಿದ್ರ ಮೈ ತುಂಬತೈತಿ”

ತಾಲೀಮಿನ ಕೆಂಪು ಮಣ್ಣು ಕಂಡ ನಾಡಿನಲ್ಲಿ ಇದನ್ನು ನಂಬುವವರಿದ್ದಾರೆ ಎಂಬುದೇ ಸೋಜಿಗ. ಪೈಲ್ವಾನ ಹಾಲು-ಬದಾಮಿ ಕುಡಿದು ಹಾಸಿಗೆ ಹಿಡಿಯುತ್ತಾನೆಯೇ? ಸಾಮು ಮಾಡುತ್ತಾನೆ, ಬಸ್ಕಿ ಹೊಡೆಯುತ್ತಾನೆ. ಊಟ ಸಾಮಗ್ರಿ ತಂದುಕೊಡುತ್ತದೆ, ಅದನ್ನು ಮಾಂಸಖಂಡಕ್ಕೆ ಹಾಕು ಎಂದು ದೇಹಕ್ಕೆ ಹೇಳುವುದು ದುಡಿತ. ದುಡಿತವಿಲ್ಲದೆ ತಿಂದದ್ದು ಹೊಟ್ಟೆಗೆ ಕೂರುತ್ತದೆ.

2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಯಾವ ರೋಗವೂ ಇಲ್ಲದ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿದ್ದರು. ಕಾಲುಗಳಿಂದಲೇ ಹತ್ತಿರಹತ್ತಿರ ಒಂದು ಕಿಲೋ ಮಾಂಸಖಂಡ ಹೋಗಿತ್ತು. ಆರೋಗ್ಯವಂತರ ಪಾಡು ಇದು. 2019ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಕ್ಯಾನ್ಸರ್ ದಾಟಿದವರಿಗೆ ವಾರದಲ್ಲಿ ಮೂರು ದಿನ ಅರ್ಧ ತಾಸಿನ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಭಾರದ ವ್ಯಾಯಾಮ ಹೇಳುತ್ತದೆ. ದಣಿವಿಗೂ ಅದೇ ಮದ್ದು. ದಣಿವಾಗಿದೆ ಎಂದು ಮಲಗಿದಷ್ಟೂ ದಣಿವು ಹೆಚ್ಚುತ್ತದೆ. 2025ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ಮುಗಿಸಿದ 889 ಜನರ ಪ್ರಯೋಗದಲ್ಲಿ, ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದ ಗುಂಪಿನಲ್ಲಿ ಐದು ವರ್ಷಕ್ಕೆ ರೋಗವಿಲ್ಲದೆ ಉಳಿದವರು 80%. ಬರೀ ತಿಳಿವಳಿಕೆಯ ಪುಸ್ತಿಕೆ ಕೊಟ್ಟ ಗುಂಪಿನಲ್ಲಿ 74%.

ಜಿಮ್ ಬೇಕಿಲ್ಲ. ಖುರ್ಚಿಯಿಂದ ಎದ್ದು ಕೂರುವುದು, ಎಂಟರಿಂದ ಹತ್ತು ಸಲ, ತುಸು ದಣಿವಾರಿಸಿಕೊಂಡು ಇನ್ನೊಮ್ಮೆ. ಗೋಡೆಗೆ ಅಂಗೈ ಒತ್ತಿ ದಂಡ ಹೊಡೆದಂತೆ ಬಾಗಿ ಏಳುವುದು. ನೀರು ತುಂಬಿದ ಲೀಟರ್ ಬಾಟಲಿ ಅಂದರೆ ಒಂದು ಕಿಲೋ, ಅದನ್ನು ಹಿಡಿದು ಮೊಣಕೈ ಮಡಚುವುದು. ಹಗುರೆನಿಸತೊಡಗಿದರೆ ಭಾರ ಏರಿಸಬೇಕು, ಗುಟ್ಟು ಅಲ್ಲಿದೆ. ವ್ಯಾಯಾಮವಾದ ಮೇಲೆ ಹಾಲೋ ತತ್ತಿಯೋ ಇರಲಿ. ಕುತ್ತಿಗೆಯ ಗಂಟು ತೆಗೆದ ಕೆಲವರ ಭುಜ ಒಂದು ಕಡೆ ಇಳಿಬಿದ್ದಿರುತ್ತದೆ, ನರಕ್ಕೆ ಪೆಟ್ಟಾಗಿರುವುದರಿಂದ. ಅವರಿಗೆ ಫಿಸಿಯೊಥೆರಪಿಯವರು ತೋರಿಸುವ ಬೇರೆ ವ್ಯಾಯಾಮವೇ ಬೇಕು. ಎಲುಬಿಗೆ ರೋಗ ಹರಡಿದವರು, ಪ್ಲೇಟ್‌ಲೆಟ್ ತೀರ ಇಳಿದವರು, ಜ್ವರ ಇದ್ದವರು, ಹೊಟ್ಟೆಯ ಆಪರೇಷನ್ ಹೊಸದಾಗಿ ಆದವರು ಕೇಳದೆ ಭಾರ ಎತ್ತಬಾರದು.

ಭಾರತ ಹುಣ್ಣಿಮೆಯ ಚಿಂಚಲಿ ಮಾಯಕ್ಕನ ಜಾತ್ರೆಗೆ ನಡೆದೇ ಗುಡಿಗೆ ಹೋಗಬೇಕು ಎಂದು ಕೆಲವರು ಮನಸ್ಸು ಮಾಡುತ್ತಾರೆ. ಅದಕ್ಕಿಂತ ಒಳ್ಳೆಯ ಗುರಿ ಬೇಡ, ದೀಪಾವಳಿಗೇ ಓಣಿಯ ಕೊನೆಯ ತನಕ ಶುರುಮಾಡಿ ಹೆಚ್ಚಿಸುತ್ತಾ ಹೋದರೆ ಆಯಿತು. ಕೀಮೋ ಇನ್ನೂ ನಡೆದಿದ್ದರೆ ಗದ್ದಲದ ದಿನ ಬಿಟ್ಟು ಬೇರೆ ದಿನ ಹೋಗಲಿ. ಗಂಟಲಿಗೆ ರಂಧ್ರ ಮಾಡಿಸಿಕೊಂಡವರು ಭಂಡಾರದ ಅರಿಷಿಣ ಪುಡಿ ಹಾರಿಸುವಲ್ಲಿ ನಿಲ್ಲಬಾರದು, ರಂಧ್ರದ ಮೇಲೆ ಒದ್ದೆ ಬಟ್ಟೆ ಇರಲಿ. ಆ ಪುಡಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ.

“ಎದಿ ಆಪ್ರೇಶನ್ ಆದಾಕಿ ಆ ಕೈಲೆ ಕೊಡ ಎತ್ತಬಾರದು, ಕೈ ಬಾಯ್ತೈತಿ”

ಕೈ ಬಾತಿದ್ದ 141 ಹೆಣ್ಣುಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ಈ ಹೆದರಿಕೆಯನ್ನು ಮುರಿಯಿತು. ವಾರಕ್ಕೆರಡು ಸಲ ನಿಧಾನವಾಗಿ ಏರಿಸುತ್ತಾ ಭಾರ ಎತ್ತಿದವರ ಬಾವು ಹೆಚ್ಚಲಿಲ್ಲ, ಕೆರಳುವುದು ಕಡಿಮೆಯಾಯಿತು. ಮೊದಲ ದಿನವೇ ತುಂಬಿದ ಕೊಡ ಬೇಡ, ತಂಬಿಗೆಯಿಂದ ಶುರುವಾಗಲಿ.

“ಮೆಡಿಕಲ್‌ನ್ಯಾಗ ಮೈ ಬರೋ ಗುಳಿಗಿ ಸಿಗತಾವ”

ಸಿಗುತ್ತವೆ, ಅದೇ ಭಯ. ಚೀಟಿ ಇಲ್ಲದೆ ಪೊಟ್ಟಣ ಕಟ್ಟಿ ಕೊಡುವ ‘ತೂಕದ ಗುಳಿಗೆ’ಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇರಬಹುದು. ಮುಖ ಉಬ್ಬುತ್ತದೆ, ಹಸಿವೂ ಆಗುತ್ತದೆ. ಒಳಗೆ ತೊಡೆಯ ಸ್ನಾಯು ಕರಗುತ್ತದೆ, ಶುಗರ್ ಏರುತ್ತದೆ, ಸೋಂಕು ತಡೆಯುವ ಶಕ್ತಿ ಇಳಿಯುತ್ತದೆ. ಮೈ ಬೇಕೆಂದು ಹೋದವನು ಇದ್ದ ಮೈ ಕಳೆದುಕೊಂಡು ಬರುತ್ತಾನೆ.

ನಿಜವಾದ ಔಷಧ ಇಲ್ಲವೆಂದಲ್ಲ. ಪುದುಚೇರಿಯ ಜಿಪ್ಮರ್ ವೈದ್ಯರು ಕೀಮೋ ಪಡೆಯುತ್ತಿದ್ದ, ರೋಗ ಮುಂದುವರಿದ 124 ಜನರಲ್ಲಿ ಓಲಾನ್ಜಪಿನ್ ಎಂಬ ಹಳೆಯ, ಅಗ್ಗದ ಗುಳಿಗೆಯನ್ನು ದಿನಕ್ಕೆ 2.5 ಮಿ.ಗ್ರಾಂ.ನಂತೆ ಹನ್ನೆರಡು ವಾರ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. 5%ಕ್ಕಿಂತ ಹೆಚ್ಚು ತೂಕ ಬಂದವರು ಗುಳಿಗೆಯ ಗುಂಪಿನಲ್ಲಿ 60%, ಬರೀ ಹುಸಿ ಗುಳಿಗೆಯ ಗುಂಪಿನಲ್ಲಿ 9%. ಇದು ಮಾನಸಿಕ ರೋಗಕ್ಕೂ ಕೊಡುವ ಔಷಧ, ನಿದ್ದೆ ಬರಿಸುತ್ತದೆ. ‘ಹಸಿವೇ ಇಲ್ಲ’ ಎಂದು ನಿಮ್ಮ ಕ್ಯಾನ್ಸರ್ ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳಿ, ಕೊಡುವುದು ಬಿಡುವುದು ಅವರದು. ಡಬ್ಬಿಯ ಪ್ರೋಟೀನ್ ಪುಡಿ ನುಂಗಲು ಕಷ್ಟವಿದ್ದವರಿಗೆ ಅನುಕೂಲ, ಕಿಡ್ನಿ ಸರಿಯಿದೆಯೇ ಎಂದು ನೋಡಿಕೊಂಡು ಬಳಸಬೇಕು. ತತ್ತಿ-ಹಾಲಿಗಿಂತ ಮಿಗಿಲಾದದ್ದೇನೂ ಅದರಲ್ಲಿಲ್ಲ. ಅರಿಷಿಣ ಅಡುಗೆಯಲ್ಲಿ ಎಷ್ಟಾದರೂ ಇರಲಿ. ಅದನ್ನೇ ದೊಡ್ಡ ಪ್ರಮಾಣದ ಕ್ಯಾಪ್ಸೂಲಾಗಿ ನುಂಗಿದರೆ ಬೇರೆ ಔಷಧಗಳ ಕೆಲಸಕ್ಕೆ ಅಡ್ಡ ಬರಬಹುದು.

ತಂಬಾಕಿನ ಮಾತು ಉದ್ದ ಮಾಡುವುದಿಲ್ಲ. ಅದು ಹಸಿವನ್ನು ಕೊಲ್ಲುತ್ತದೆ, ಗಾಯ ಮಾಯಗೊಡುವುದಿಲ್ಲ, ರೋಗವನ್ನು ವಾಪಸು ಕರೆಯುತ್ತದೆ. ‘ಒಂದ ಚಿಮಟಿ ಮಿಶ್ರಿ’ಗೂ ಇದೇ ಮಾತು.

“ಮತ್ತ ತೂಕ ಇಳಿದ್ರ ರೋಗ ಹೊಳ್ಳಿ ಬಂದಂಗ”

ಇರಬಹುದು, ಇಲ್ಲದಿರಲೂಬಹುದು. ಹೆದರಿ ಮನೆಯಲ್ಲಿ ಮುಚ್ಚಿಟ್ಟುಕೊಳ್ಳುವುದಂತೂ ಸಲ್ಲ. ಶುಗರ್, ಕ್ಷಯ, ನುಂಗುವ ದಾರಿ ಕಿರಿದಾಗಿರುವುದು, ಹಲ್ಲುನೋವು, ಮನಸ್ಸಿನ ಖಿನ್ನತೆ, ಇವೆಲ್ಲ ತೂಕ ಇಳಿಸುತ್ತವೆ ಮತ್ತು ಇವಕ್ಕೆಲ್ಲ ಚಿಕಿತ್ಸೆ ಇದೆ. ಕುತ್ತಿಗೆಗೆ ಕರೆಂಟ್ ಕೊಡಿಸಿಕೊಂಡವರಲ್ಲಿ ಥೈರಾಯ್ಡ್ ಮಂದವಾಗುವುದು ಸಾಮಾನ್ಯ. ಅವರಿಗೆ ತೂಕ ಇಳಿಯುವುದಿಲ್ಲ, ಏರುತ್ತದೆ. ಮೈ ಜಡವಾಗಿ ಸದಾ ನಿದ್ದೆ, ಚಳಿ. ಆರು ತಿಂಗಳು-ವರ್ಷಕ್ಕೊಮ್ಮೆ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ದಿನಕ್ಕೊಂದು ಗುಳಿಗೆಯಲ್ಲಿ ಸರಿಹೋಗುತ್ತದೆ.

ಮುಂದಿನ ತಪಾಸಣೆಗೆ ಹೋಗುವಾಗ ಲಕೋಟೆಯ ಸಂಗಡ ಒಂದು ಸಣ್ಣ ವಹಿ ಒಯ್ಯಿರಿ. ವಾರವಾರದ ತೂಕ, ಒಂದೇ ತಕ್ಕಡಿಯ ಮೇಲೆ, ಬೆಳಿಗ್ಗೆ ತಿಂಡಿಗೆ ಮುಂಚೆ. ಖುರ್ಚಿಯಿಂದ ಎದ್ದ ಎಣಿಕೆ. ಬಾಯಿಗೆ ಹಿಡಿಸುವ ಕಡ್ಡಿ ಎಷ್ಟು. ನಿನ್ನೆ ಬೆಳಗಿನಿಂದ ರಾತ್ರಿಯ ತನಕ ತಿಂದದ್ದೇನು. ‘ಊಟ ಹೆಂಗೈತಿ’ ಎಂದು ಡಾಕ್ಟರು ಕೇಳಿದಾಗ ‘ಚಲೋ ಐತ್ರಿ’ ಎನ್ನುವ ಬದಲು ಆ ಪುಟವನ್ನು ಮುಂದಿಡಿ, ಆಸ್ಪತ್ರೆಯಲ್ಲಿ ಡಯಟಿಷಿಯನ್ ಇದ್ದರೆ ಅವರಿಗೂ ತೋರಿಸಲು ಚೀಟಿ ಬರೆಸಿಕೊಳ್ಳಿ.